ಪ್ರಾರ್ಥನೆಗೆ ಸಿಗದ ಲ್ಯಾಬ್ ಟೆಕ್ನಿಶಿಯನ್

ಗುಂಯ್ ಎಂದು ತಗ್ಗಿನಲ್ಲಿ ಶುರುವಾಗಿ, ತಿರುಗಿಸುವ ಕೈಗೆ ವೇಗ ಬಂದಂತೆ ಏರುತ್ತಾ ಹೋಗಿ, ಒಂದು ಸ್ವರದಲ್ಲಿ ಬಂದು ನಿಂತುಬಿಡುತ್ತಿತ್ತು. ಕೈ ಸೆಂಟ್ರಿಫ್ಯೂಜಿನ ಶಬ್ದ ಅದು. ಮೇಜಿನ ಅಂಚಿಗೆ ಸ್ಕ್ರೂ ಹಾಕಿ ಬಿಗಿದ, ಹಿಡಿಕೆ ಹಿಡಿದು ತಿರುಗಿಸುವ ಪುಟ್ಟ ಯಂತ್ರ. ಆಚೆ ಈಚೆ ಎರಡು ಗಾಜಿನ ಟ್ಯೂಬು, ಅದರೊಳಗೆ ಯಾರದೋ ಮೂತ್ರ. ತಳದಲ್ಲಿ ಗಸಿ ಕೂರುವವರೆಗೂ ತಿರುಗಿಸುತ್ತಲೇ ಇರಬೇಕು. ಕೈ ಸೋತು ವೇಗ ಇಳಿದರೆ ಸ್ವರವೂ ಇಳಿಯುತ್ತಿತ್ತು. ಹಾಗೆ ಇಳಿಯದಿರಲಿ ಎಂದು ನಾನು ಅದರ ಜೊತೆಗೆ ಅದೇ ಶ್ರುತಿಯಲ್ಲಿ ಸಣ್ಣಗೆ ಗುನುಗುತ್ತಿದ್ದೆ. ಕೆಲಸದ ಅನುಕೂಲಕ್ಕೆ ಮಾಡಿಕೊಂಡ ಉಪಾಯ, ಅಷ್ಟೇ. ಜೀವಮಾನವಿಡೀ ನನ್ನನ್ನು ಕಾಡಿದ ಪೀಡೆ ಅಲ್ಲಿಂದಲೇ ಶುರುವಾಯಿತು.

ಹೋದ ವರ್ಷ ಸುಳ್ಯದಲ್ಲಿ ಪ್ಯಾರಾಮೆಡಿಕಲ್ ಕೋರ್ಸಿಗೆ ಹೊಸದಾಗಿ ಸೇರಿದ ಮಕ್ಕಳಿಗೆ ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದರು. ನಿರೂಪಣೆ ಮಾಡುತ್ತಿದ್ದ ಹುಡುಗಿ ಎಲ್ಲಿಂದಲೋ ಕೇಳಿ ತಿಳಿದುಕೊಂಡು, "ಮೇಡಂ ಹಿಂದೆ ತುಂಬ ಚೆನ್ನಾಗಿ ಹಾಡುತ್ತಿದ್ದರಂತೆ, ಮೊದಲು ಅವರಿಂದಲೇ ಪ್ರಾರ್ಥನೆ" ಎಂದು ಮೈಕಿನಲ್ಲಿ ಘೋಷಿಸಿಬಿಟ್ಟಳು. ನಾನು ಏಳಲಿಲ್ಲ. ಸಭೆಯಲ್ಲಿ ಗುಸುಗುಸು. ಕೊನೆಗೆ ಮೊಬೈಲಿನಿಂದ ಯಾವುದೋ ಶ್ಲೋಕ ಹಾಕಿದರು. ಸಭೆ ಮುಗಿದ ಮೇಲೆ ಚೆಂಡೆ ಬಾರಿಸುವ ಒಬ್ಬ ಹುಡುಗಿ ನನ್ನ ಬಳಿ ಬಂದು, "ಮೇಡಂ, ಎಲ್ಲರೂ ನಂಗೆ ಹೇಳುದು ನೀನು ಲ್ಯಾಬಿಗೆ ಸೇರಿ ಟ್ಯಾಲೆಂಟ್ ಹಾಳು ಮಾಡ್ಕೊಂಡೆ ಅಂತ. ನಂಗೆ ಲ್ಯಾಬೇ ಇಷ್ಟ. ನಂದು ತಪ್ಪಾ?" ಎಂದು ಕೇಳಿದಳು. ಬಸ್ಸಿಗೆ ಹೊತ್ತಾಗಿತ್ತು. ನಾನು "ತಪ್ಪಲ್ಲ ಮಗಾ" ಎಂದಷ್ಟೇ ಹೇಳಿ ಬಂದೆ. ಆಮೇಲೆ ಅಷ್ಟು ಸಾಲದು ಎನ್ನಿಸತೊಡಗಿತು. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಊರು ಮರ್ಕಂಜ. ಮನೆಯಲ್ಲಿ ಅರೆಭಾಷೆ. ಅಪ್ಪನಿಗೆ ಮಗಳು ಇಂಗ್ಲಿಷ್ ಕಲಿಯಬೇಕೆಂಬ ಹಟ, ಹಾಗಾಗಿ ಸಣ್ಣವಳಿರುವಾಗಲೇ ನನ್ನನ್ನು ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದರು. ಅಲ್ಲಿ ಸಿಸ್ಟರ್ ಫ್ಲೋರಿನ್ ಇದ್ದರು. ಮ್ಯೂಸಿಕ್ ಟೀಚರ್, ಕ್ವಯರ್ ಮಿಸ್ಟ್ರೆಸ್, ಬೋರ್ಡಿಂಗಿನ ದೊಡ್ಡ ಧ್ವನಿ. ಮೂವತ್ತು ಹುಡುಗಿಯರು ಒಟ್ಟಿಗೆ ಹಾಡುವಾಗಲೂ ಯಾರ ಬಾಯಿ ಸುಮ್ಮನೆ ಆಡುತ್ತಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ಮೊಣಕಾಲ ಮೇಲಿದ್ದ ಬಲಗೈಯನ್ನು ಅವರು ಸ್ವಲ್ಪವೇ ಎತ್ತಿದರೆ ನಾವು ಉಸಿರು ತೆಗೆದುಕೊಳ್ಳಬೇಕು, ಇಳಿಸಿದರೆ ಹಾಡು ಶುರು. ನನ್ನ ಸ್ವರ ಕೇಳಿದ ಮೊದಲ ದಿನವೇ ಅವರು ಹಾರ್ಮೋನಿಯಂ ಮುಚ್ಚಿ, "ಚೈಲ್ಡ್, ದಿಸ್ ಈಸ್ ಗಾಡ್ಸ್ ಗಿಫ್ಟ್" ಎಂದರು. ಅಂದಿನಿಂದ ನಾನು ಅವರ ಪ್ರಾಜೆಕ್ಟ್. ಪಾಯಸ ಕುಡಿಯಬಾರದು, ಐಸ್‌ಕ್ಯಾಂಡಿ ತಿನ್ನಬಾರದು, ಥ್ರೋಬಾಲಿನಲ್ಲಿ ಕಿರುಚಬಾರದು.

ಅದೇ ಕಾನ್ವೆಂಟಿನ ಸೈನ್ಸ್ ರೂಮಿನಲ್ಲಿ ಒಂದು ಮೈಕ್ರೋಸ್ಕೋಪ್ ಇತ್ತು. ಬಾವಿಯ ನೀರಿನ ಒಂದು ಹನಿಯನ್ನು ಅದರಡಿಯಲ್ಲಿ ಇಟ್ಟು ನೋಡಿದ ದಿನ ನನಗೆ ರಾತ್ರಿಯ ಊಟ ಸೇರಲಿಲ್ಲ. ನಾವು ಕುಡಿಯುವ ನೀರಿನಲ್ಲಿ ಅಷ್ಟೊಂದು ಜೀವಗಳು ತಮ್ಮ ಪಾಡಿಗೆ ಓಡಾಡಿಕೊಂಡಿದ್ದವು! ಹಾಡುವುದು ನನಗೆ ಬರುತ್ತಿತ್ತು, ಅಷ್ಟೇ. ಬರುವುದು ಬೇರೆ, ಬೇಕೆನ್ನಿಸುವುದು ಬೇರೆ. ಈ ಸಣ್ಣ ವ್ಯತ್ಯಾಸವನ್ನು ದೊಡ್ಡವರಿಗೆ ತಿಳಿಸಿ ಹೇಳುವುದರಲ್ಲೇ ನನ್ನ ಅರ್ಧ ಆಯುಷ್ಯ ಹೋಯಿತು.

ಪಿಯುಸಿ ಮುಗಿದಾಗ ಸಿಸ್ಟರ್ ಮದ್ರಾಸಿನಲ್ಲಿ ಒಂದು ಮ್ಯೂಸಿಕ್ ಸ್ಕೂಲಿನಲ್ಲಿ ಊಟ ವಸತಿ ಸಮೇತ ಸೀಟು ಮಾಡಿಸಿಟ್ಟಿದ್ದರು. ನಾನು ಮಂಗಳೂರಿನಲ್ಲಿ ಲ್ಯಾಬ್ ಟೆಕ್ನಿಶಿಯನ್ ಕೋರ್ಸಿಗೆ ಅರ್ಜಿ ಹಾಕಿದ್ದೆ. ಅಪ್ಪನನ್ನು ಕರೆಸಿ, ಕಾನ್ವೆಂಟಿಗೆ ಬಂದವರನ್ನು ಕೂರಿಸುವ ಪಾರ್ಲರಿನಲ್ಲಿ ಕೂರಿಸಿ ಸಿಸ್ಟರ್ ಅಕ್ಷರಶಃ ಜಗಳ ಮಾಡಿದರು.

"ನಿಮ್ಮ ಮಗಳು ಜನರ ಮಲಮೂತ್ರ ನೋಡ್ಲಿಕ್ಕೆ ಹೋಗುದಾ ಗೌಡ್ರೇ? ಇಂಥ ವಾಯ್ಸ್ ಇಟ್ಕೊಂಡು?"

ಅಪ್ಪ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ನನ್ನ ಕಡೆ ನೋಡಿ, "ನಿಂಗೆ ಎಂತ ಇಷ್ಟನೊ ಅದ್ನೇ ಓದ್" ಎಂದರು. ನಾನು ಮಂಗಳೂರಿಗೆ ಹೋದೆ. ಬಸ್ಸು ಹತ್ತುವಾಗ ಸಿಸ್ಟರ್ ಗೇಟಿನ ತನಕ ಬಂದು, "ವಾಟ್ ಎ ವೇಸ್ಟ್, ಪುಷ್ಪಾ" ಎಂದರು. ಗಿಫ್ಟ್ ಎಂದರೆ ಕೊಟ್ಟ ಮೇಲೆ ಅದು ನನ್ನದಲ್ಲವೇ? ಅದನ್ನು ಏನು ಮಾಡಬೇಕೆಂದು ಊರಿನವರೆಲ್ಲ ಸೇರಿ ತೀರ್ಮಾನಿಸುವುದಾದರೆ ಅದು ಎಂಥ ಗಿಫ್ಟ್?

ಮೊದಲ ಕೆಲಸ ಕಡಬದ ಕಡೆಯ ಒಂದು ಆರೋಗ್ಯ ಕೇಂದ್ರದಲ್ಲಿ. ಕಡಬ ಆಗ ತಾಲೂಕು ಆಗಿರಲಿಲ್ಲ. ಈಗಿನ ಮಕ್ಕಳು ಒಂದು ಬಟನ್ ಒತ್ತಿದರೆ ಮೆಷಿನ್ನು ಇಪ್ಪತ್ತು ಅಂಕಿ ಉಗುಳುತ್ತದೆ. ನಮಗೆ ಬಾಯಿಯೇ ಮೆಷಿನ್. ಹಿಮೋಗ್ಲೋಬಿನ್ ನೋಡಲು ರಕ್ತವನ್ನು ಪಿಪೆಟ್ಟಿನಲ್ಲಿ ಬಾಯಿಯಿಂದ ಹೀರಬೇಕು. ಒಂದು ಗೆರೆಯ ತನಕ ಹೀರಿ ನಿಲ್ಲಿಸಬೇಕು. ಆ ಹೊತ್ತಿಗೇ ಯಾರಾದರೂ "ಸಿಸ್ಟರೇ" ಎಂದು ಕರೆದರೆ ಮುಗಿಯಿತು, ಅಪರಿಚಿತರ ರಕ್ತ ನಾಲಿಗೆಯ ಮೇಲೆ. ಗ್ಲೌಸ್ ಎಂಬುದು ಆಪರೇಷನ್ ಥಿಯೇಟರಿನವರ ಆಸ್ತಿ. ಕರೆಂಟು ಹೋದರೆ ಮೈಕ್ರೋಸ್ಕೋಪನ್ನು ಕಿಟಕಿಯ ಬಳಿಗೆ ಎತ್ತಿಕೊಂಡು ಹೋಗಿ, ಅದರ ಕನ್ನಡಿಯನ್ನು ಆಕಾಶಕ್ಕೆ ಹಿಡಿದು ಮಲೇರಿಯಾ ಹುಡುಕುತ್ತಿದ್ದೆವು. ಇದನ್ನೆಲ್ಲ ಹೊಗಳಿಕೊಳ್ಳಲು ಹೇಳುತ್ತಿಲ್ಲ. ಅದು ಅಪಾಯದ ಪದ್ಧತಿ, ಹೋದದ್ದು ಒಳ್ಳೆಯದಾಯಿತು. ಆದರೆ ಆ ಕೆಲಸವನ್ನು ನಾನು ಪ್ರೀತಿಸಿದೆ.

ಸೆಂಟ್ರಿಫ್ಯೂಜಿನ ಜೊತೆ ನಾನು ಗುನುಗುವುದನ್ನು ಕಿಟಕಿಯಾಚೆ ನಿಂತು ಕೇಳಿದವರು ನಮ್ಮ ಆಗಿನ ಡಾಕ್ಟರು. ಮರುವಾರವೇ ಲಸಿಕೆ ಕಾರ್ಯಕ್ರಮಕ್ಕೆ ನನ್ನ ಪ್ರಾರ್ಥನೆ. ನಮ್ಮಲ್ಲಿ ಒಂದು ಸಭೆ ಎಂದರೆ ಮೊದಲು ಪ್ರಾರ್ಥನೆ ಆಗಲೇಬೇಕಲ್ಲ? ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ಅಭಿಯಾನಕ್ಕೂ ಬೇಕು, ಸಂತಾನಹರಣ ಶಿಬಿರಕ್ಕೂ ಬೇಕು. ಒಮ್ಮೆ ನನ್ನ ಹೆಸರು ಹೊರಗೆ ಬಿದ್ದ ಮೇಲೆ ಕಣ್ಣಿನ ಶಿಬಿರ, ಪೋಲಿಯೋ, ಬೀಳ್ಕೊಡುಗೆ, ರಾಜ್ಯೋತ್ಸವ, ಯಾವುದನ್ನೂ ಬಿಡಲಿಲ್ಲ. ಜೀಪು ಕಳಿಸಿ ಕರೆಸುತ್ತಿದ್ದರು. ರೋಗಿಯ ಸ್ಯಾಂಪಲ್ ತರಲು ಯಾವತ್ತೂ ಸಿಗದ ಜೀಪು, ಪ್ರಾರ್ಥನೆಗೆ ಸಿಗುತ್ತಿತ್ತು!

ಸುಳ್ಯದ ಕಡೆಗೆ ವರ್ಗವಾದ ಮೇಲೂ ಹಾಗೆಯೇ. ಒಂದು ಬೆಳಗ್ಗೆ ಸಕ್ಕರೆ ಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬಂದು ಕೂತಿದ್ದ ಅಜ್ಜನೊಬ್ಬರನ್ನು ಬೆಂಚಿನಲ್ಲೇ ಬಿಟ್ಟು ನನ್ನನ್ನು ಸಭೆಗೆ ಎಳೆದುಕೊಂಡು ಹೋದರು. ಮುಖ್ಯ ಅತಿಥಿ ಬರುವವರೆಗೆ ಕಾದು, ಹಾಡಿ, ಓಡಿ ಬಂದಾಗ ಅಜ್ಜ ಗೋಡೆಗೆ ಒರಗಿ ಬೆವರುತ್ತಿದ್ದರು.

"ಪದ್ಯ ಚಂದ ಇತ್ತು ಅಕ್ಕಾ, ಇಲ್ಲಿಗೆ ಕೇಳ್ತಿತ್ತು," ಎಂದರು. "ಆದ್ರೆ ನನ್ನ ಹೊಟ್ಟೆಗೆ ಕಿವಿ ಇಲ್ಲ ಮಾರಾಯ್ತಿ."

ಹೆಡ್ ಕ್ಲರ್ಕ್ ರಾಮಣ್ಣನಿಗೆ ಹೇಳಿದರೆ ಅವನದ್ದು ಒಂದೇ ಮಾತು: "ನಿಮ್ದು ಅದೃಷ್ಟ ಪುಷ್ಪಕ್ಕಾ. ನಾವೆಲ್ಲ ಸ್ಟೇಜಿಗೆ ಹೋಗ್ಬೇಕಾದ್ರೆ ಕುರ್ಚಿ ಹೊರ್ಬೇಕು."

ಆ ಅದೃಷ್ಟ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದನ್ನು ಈಗ ಹೇಳುತ್ತೇನೆ. ಯಾವ ಆಸ್ಪತ್ರೆ ಎಂದು ಹೇಳುವುದಿಲ್ಲ. ಡಾಕ್ಟರ ಹೆಸರೂ ಬೇಡ, ಅವರು ಈಗ ಇಲ್ಲ. ದೊಡ್ಡ ಡಾಕ್ಟರು ಎಂದರೆ ಸಾಕು.

ಆಸ್ಪತ್ರೆಗೆ ಹೊಸ ಲ್ಯಾಬ್ ಕೋಣೆ ಕಟ್ಟಿಸಿದ್ದರು. ಉದ್ಘಾಟನೆಯ ದಿನ ಕೋಣೆ ತುಂಬಿ ಕಾಣಬೇಕೆಂದು ಹಿಂದಿನ ದಿನವೇ ಹಳೆಯ ಲ್ಯಾಬಿನ ಸಾಮಾನನ್ನೆಲ್ಲ ಅಲ್ಲಿಗೆ ಸಾಗಿಸಿ ಆಗಿತ್ತು. ಮೈಕ್ರೋಸ್ಕೋಪ್, ಬಣ್ಣದ ಬಾಟಲಿಗಳು, ಎಲ್ಲ. ಬೆಳಗ್ಗೆ ಒಳಗೆ ಪೂಜೆ ಮುಗಿಸಿ, ಬಾಗಿಲಿಗೆ ಅಡ್ಡ ಕೆಂಪು ಟೇಪು ಕಟ್ಟಿದರು. ನನಗೆ ಸಿಲ್ಕ್ ಸೀರೆ ಉಟ್ಟು ಮೈಕಿನ ಹತ್ತಿರ ನಿಲ್ಲಬೇಕೆಂದು ಆರ್ಡರ್. ಕಟ್ಟಡಕ್ಕೆ ದುಡ್ಡು ಕೊಟ್ಟವರ ಮನೆಯಾಕೆ ನಮ್ಮ ಕಾನ್ವೆಂಟಿನ ಹಳೆ ವಿದ್ಯಾರ್ಥಿನಿ. ಹಾಗಾಗಿ ವೇದಿಕೆಯ ಅತಿಥಿಗಳಲ್ಲಿ ಸಿಸ್ಟರ್ ಫ್ಲೋರಿನ್ ಕೂಡ ಇದ್ದರು. ನನ್ನನ್ನು ನೋಡಿದವರೇ ಕೈ ಹಿಡಿದು, "ಐ ಕೇಮ್ ಓನ್ಲಿ ಟು ಹಿಯರ್ ಯೂ" ಎಂದರು. ನನ್ನ ಸ್ವರ ಮೊದಲು ಕೇಳಿದ ದಿನದ ಆ ಕಳೆ ಎಷ್ಟೋ ವರ್ಷಗಳ ನಂತರ ಅವರ ಮುಖದಲ್ಲಿ ಕಂಡೆ.

ಮುಖ್ಯ ಅತಿಥಿಯ ಸುಳಿವಿಲ್ಲ. ಆಗ ಪೆರಾಬೆ ಕಡೆಯಿಂದ ಒಬ್ಬಾಕೆ ತನ್ನ ಮಗಳು ಗುಲಾಬಿಯನ್ನು ಹೆಗಲಿಗೆ ಆನಿಸಿಕೊಂಡು ಬಂದಳು. ಹುಡುಗಿ ತುಂಬು ಬಸುರಿ, ಹಲ್ಲು ಕಟಕಟ. "ಚಳಿ ಆಪುಂಡು ಅಕ್ಕಾ, ಚಳಿ" ಎಂದು ತುಳುವಿನಲ್ಲಿ ಗೊಣಗುತ್ತಾ ಅತಿಥಿಗಳ ಕುರ್ಚಿಯಲ್ಲೇ ಕುಸಿದಳು. ರಾಮಣ್ಣ ಕುರ್ಚಿ ಬಿಡಿಸಲು ಬಂದವನು ಅವಳ ಮುಖ ನೋಡಿ ವಾಪಸು ಹೋದ. ಸೂಜಿ ಮತ್ತು ಗಾಜಿನ ಪಟ್ಟಿ ನನ್ನ ಬ್ಯಾಗಿನಲ್ಲಿ ಇರುತ್ತಿತ್ತು. ಅಲ್ಲೇ ಅವಳ ಬೆರಳು ಚುಚ್ಚಿ ರಕ್ತ ತೆಗೆದು ಸ್ಲೈಡ್ ಮಾಡಿದೆ. ಬಣ್ಣ ಹಾಕಿ ನೋಡಬೇಕಾದರೆ ಬಾಟಲಿಯೂ ಮೈಕ್ರೋಸ್ಕೋಪೂ ಟೇಪಿನ ಆಚೆ.

"ಸರ್, ಒಳಗೆ ಹೋಗ್ಬೇಕಿತ್ತು. ಮಲೇರಿಯಾ ಹಾಗೆ ಕಾಣ್ತದೆ."

ದೊಡ್ಡ ಡಾಕ್ಟರು ನಾನು ಹುಚ್ಚಿ ಎಂಬಂತೆ ನೋಡಿದರು. "ಟೇಪು ಕಟ್ಟಿ ಆಗಿದೆ ಪುಷ್ಪಾವತಿ. ಅವರು ಕತ್ತರಿಸುವ ಮೊದಲೇ ನೀವು ಒಳಗೆ ಹೋದ್ರೆ ಮತ್ತೆ ಉದ್ಘಾಟನೆ ಎಂತದ್ದು?"

"ಬಸುರಿ ಹೆಂಗಸು ಸರ್."

"ಕ್ಲೋರೋಕ್ವಿನ್ ಕೊಟ್ಟು ಕಳಿಸಿ. ಸ್ಲೈಡ್ ನಾಳೆ ನೋಡುವ."

ಆಗ ಅದೇ ಪದ್ಧತಿ ಇತ್ತು, ಇಲ್ಲವೆನ್ನುವುದಿಲ್ಲ. ಮೊದಲು ಮಾತ್ರೆ, ಸ್ಲೈಡ್ ಆಮೇಲೆ. ಆದರೆ ಮಲೇರಿಯಾದಲ್ಲಿ ಮಿದುಳಿಗೆ ಏರುವ ಜಾತಿ ಒಂದಿದೆ, ಫಾಲ್ಸಿಪ್ಯಾರಮ್. ಆ ಮಾತ್ರೆಗೆ ಅದು ಬಗ್ಗದೆ ಹೋಗುತ್ತಿರುವುದನ್ನು ನಾವು ನೋಡತೊಡಗಿದ್ದೆವು. ಗುಲಾಬಿಯ ತಾಯಿ ನನ್ನ ಸೀರೆಯ ಸೆರಗು ಹಿಡಿದುಕೊಂಡಿದ್ದಳು. "ನೀವೇ ಅಲ್ವಾ ಅಕ್ಕಾ ರಕ್ತ ನೋಡುದು? ನೋಡಿ ಅಕ್ಕಾ" ಎಂದಳು. ಇಡೀ ಆಸ್ಪತ್ರೆಯಲ್ಲಿ ಆ ಹೊತ್ತಿಗೆ ನಾನು ಯಾರೆಂದು ಸರಿಯಾಗಿ ತಿಳಿದಿದ್ದವಳು ಅವಳೊಬ್ಬಳೇ.

ದೊಡ್ಡ ಡಾಕ್ಟರು ಅತಿಥಿಯ ಕಾರು ಬಂತೇ ಎಂದು ನೋಡಲು ಆಚೆ ಹೋದ ಹೊತ್ತಿಗೆ, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಟೇಪಿನ ಅಡಿಯಲ್ಲಿ ಬಗ್ಗಿ ಒಳಗೆ ಹೋದೆ. ಬಾಗಿಲು ಹಾಕಿಕೊಂಡೆ.

ಒಳಗಿನ ಚಂದ ನೋಡಬೇಕಿತ್ತು ನೀವು. ಮೈಕ್ರೋಸ್ಕೋಪಿಗೆ ಸೇವಂತಿಗೆ ಮಾಲೆ. ಆಯುಧಪೂಜೆಯ ಲಾರಿಗೆ ಹಾಕಿದ ಹಾಗೆ ಗಂಧ, ಕುಂಕುಮ. ಕುಂಕುಮ ಹಚ್ಚಿದ್ದು ಎಲ್ಲಿಗೆ? ಕಣ್ಣಿಟ್ಟು ನೋಡುವ ಗಾಜಿನ ಮೇಲೆಯೇ! ಮಾಲೆ ಕಿತ್ತೆಸೆದು, ಗಾಜನ್ನು ಸ್ಪಿರಿಟಿನಲ್ಲಿ ಒರೆಸಿ, ಸ್ಲೈಡಿಗೆ ಬಣ್ಣ ಹಾಕಿ ಒಣಗಲು ಹಿಡಿದೆ. ಅಷ್ಟರಲ್ಲಿ ಹೊರಗೆ ಕಾರು ಬಂದ ಶಬ್ದ, ಚಪ್ಪಾಳೆ. ಮೈಕಿನಲ್ಲಿ ರಾಮಣ್ಣ: "ಈಗ ನಮ್ಮ ಆಸ್ಪತ್ರೆಯ ಕೋಗಿಲೆ ಶ್ರೀಮತಿ ಪುಷ್ಪಾವತಿಯವರಿಂದ ಪ್ರಾರ್ಥನೆ." ನಾನು ಎಣ್ಣೆಯ ಹನಿ ಬಿಟ್ಟು ಕಣ್ಣಿಟ್ಟೆ. ಮೈಕಿನಲ್ಲಿ ಪುನಃ: "ಶ್ರೀಮತಿ ಪುಷ್ಪಾವತಿಯವರು ಎಲ್ಲಿದ್ದರೂ ವೇದಿಕೆಗೆ ಬರಬೇಕು." ಜಾತ್ರೆಯಲ್ಲಿ ಕಳೆದುಹೋದ ಮಗುವನ್ನು ಕರೆದ ಹಾಗೆ! ಸಣ್ಣ ಸಣ್ಣ ಉಂಗುರಗಳು ಕಂಡವು. ಬೇರೆ ಜಾಗಕ್ಕೆ ಸರಿಸಿದರೆ ಅಲ್ಲಿಯೂ ಉಂಗುರ. ನಡುವೆ ಬಾಳೆಹಣ್ಣಿನ ಹಾಗೆ ಬಾಗಿದ ಒಂದು. ಸಂಶಯವೇ ಬೇಡ, ಫಾಲ್ಸಿಪ್ಯಾರಮ್.

ಪ್ರಾರ್ಥನೆ ಇಲ್ಲದೆಯೇ ಮುಂದುವರಿದರು. ನಾನು ಎದ್ದು ಬಾಗಿಲಿನ ಚಿಲಕ ತೆಗೆಯುವುದಕ್ಕೂ ಹೊರಗೆ ಟೇಪು ಕತ್ತರಿಸಿ ಬಾಗಿಲು ತಳ್ಳುವುದಕ್ಕೂ ಸರಿಹೋಯಿತು. ಕ್ಯಾಮೆರಾದ ಬೆಳಕು ಮುಖಕ್ಕೆ ಬಡಿಯಿತು. ಕೈಬೆರಳೆಲ್ಲ ನೀಲಿ, ಬಲಗಣ್ಣಿನ ಸುತ್ತ ಒರೆಸಿಯೂ ಉಳಿದಿದ್ದ ಕುಂಕುಮದ ಕೆಂಪು ವೃತ್ತ. ಮುಖ್ಯ ಅತಿಥಿ ಕತ್ತರಿ ಹಿಡಿದುಕೊಂಡೇ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಅವರ ಹೆಗಲಿನಾಚೆಗೆ ದೊಡ್ಡ ಡಾಕ್ಟರನ್ನು ಕೂಗಿ ಹೇಳಿದೆ, "ಸರ್, ಫಾಲ್ಸಿಪ್ಯಾರಮ್. ತುಂಬ ಉಂಟು. ಡ್ರಿಪ್ ಹಾಕ್ಬೇಕು."

ಡಾಕ್ಟರು ಕೆಟ್ಟ ಮನುಷ್ಯರಲ್ಲ. ಕೇಳಿದ ಕೂಡಲೇ ಸಭೆಯನ್ನು ಅಲ್ಲೇ ಬಿಟ್ಟು ಹೋಗಿ ಕ್ವಿನೈನ್ ಡ್ರಿಪ್ ಹಾಕಿಸಿದರು. ಗುಲಾಬಿಗೆ ಎರಡು ದಿನ ಎಚ್ಚರ ಸರಿ ಇರಲಿಲ್ಲ. ಆಮೇಲೆ ಚೇತರಿಸಿಕೊಂಡಳು, ಹೆರಿಗೆಯೂ ಆಯಿತು. ಆದರೆ ಮರುದಿನ ಅದೇ ಡಾಕ್ಟರು ನನ್ನನ್ನು ಕೋಣೆಗೆ ಕರೆಸಿ ಹೇಳಿದ ಮಾತನ್ನು ನಾನು ಇವತ್ತಿಗೂ ನುಂಗಿಕೊಂಡಿಲ್ಲ.

"ಎಲ್ಲರೆದುರು ನನ್ನ ಮಾನ ತೆಗೆದ್ರಿ. ಸ್ಲೈಡ್ ನೋಡ್ಲಿಕ್ಕೆ ಯಾರಾದ್ರೂ ಸಿಗ್ತಾರೆ ಪುಷ್ಪಾವತಿ. ಇಂಥ ಕಂಠ ಸಿಗ್ತದಾ?"

"ನಿನ್ನೆ ಯಾರು ಸಿಕ್ಕಿದ್ರು ಸರ್, ಸ್ಲೈಡ್ ನೋಡ್ಲಿಕ್ಕೆ?" ಎಂದೆ. "ಇನ್ನು ಡ್ಯೂಟಿಯಲ್ಲಿ ಇರುವಾಗ ನನ್ನನ್ನು ಹಾಡ್ಲಿಕ್ಕೆ ಕರೀಬೇಡಿ. ಕರೆದ್ರೂ ಬರುದಿಲ್ಲ."

ಹಾಗೆಯೇ ನಡೆದುಕೊಂಡೆ. ಅಹಂಕಾರಿ ಎಂದರು. ಸರಸ್ವತಿಗೆ ಅವಮಾನ ಮಾಡಿದಳು ಎಂದರು. ಗಂಟಲಿಗೆ ಏನೋ ರೋಗವಂತೆ, ಪಾಪ ಎಂದವರೂ ಇದ್ದಾರೆ. ಒಬ್ಬ ಗಂಡಸು ಫಾರ್ಮಸಿಸ್ಟ್ ನಮ್ಮಲ್ಲೇ ತಾಳಮದ್ದಳೆಯಲ್ಲಿ ಪುರಾಣದ ಪಾತ್ರವಾಗಿ ಮಾತಾಡುವ ದೊಡ್ಡ ಅರ್ಥಧಾರಿಯಾಗಿದ್ದ. ಮಾತ್ರೆ ಕೊಡುವುದನ್ನು ಬಿಟ್ಟು ಬಂದು ಎರಡು ಡೈಲಾಗ್ ಹೇಳು ಎಂದು ಅವನನ್ನು ಯಾರೂ ಕರೆದದ್ದನ್ನು ನಾನು ಕಾಣೆ. ಅವನದ್ದು ಹವ್ಯಾಸ, ನನ್ನದು ಸಾರ್ವಜನಿಕ ಸ್ವತ್ತು!

ಆದರೆ ಅವತ್ತು ಹೆಚ್ಚು ನೋಯಿಸಿದವರು ಸಿಸ್ಟರ್ ಫ್ಲೋರಿನ್. ಸಭೆ ಮುಗಿದು ಕಾರು ಹತ್ತುವ ಮೊದಲು ನನ್ನ ನೀಲಿ ಬೆರಳುಗಳನ್ನು ನೋಡಿ, "ಸೋ ಯೂ ಹಿಡ್ ಬಿಹೈಂಡ್ ಎ ಡೋರ್" ಎಂದರು. ಅಷ್ಟೇ. ಅಲ್ಲಿಯವರೆಗೆ ಪ್ರತಿವರ್ಷ ಬರುತ್ತಿದ್ದ ಕ್ರಿಸ್‌ಮಸ್ ಕಾರ್ಡ್ ಆ ವರ್ಷದಿಂದ ನಿಂತಿತು.

ಹಾಡನ್ನು ಮಿಸ್ ಮಾಡಿಕೊಳ್ಳಲಿಲ್ಲವೇ ಎಂದು ಚೆಂಡೆಯ ಹುಡುಗಿ ಕೇಳಿಯಾಳು. ಮಾಡಿಕೊಂಡೆ. ಮದ್ರಾಸಿಗೆ ಹೋದ ಪುಷ್ಪಾ ಎಂಬೊಬ್ಬಳು ಎಲ್ಲೋ ಇದ್ದಾಳೆ, ರೇಷ್ಮೆ ಸೀರೆಯಲ್ಲಿ ಸ್ಟೇಜಿನ ಮೇಲೆ ಕೂತಿದ್ದಾಳೆ ಎಂದು ಬಟ್ಟೆ ಒಣಗಿಸುವಾಗ ಅನ್ನಿಸಿದ್ದುಂಟು. ಆಗೆಲ್ಲ ಜೋರಾಗಿಯೇ ಹಾಡಿಕೊಂಡಿದ್ದೇನೆ, ನೆರೆಮನೆಯವರು ಟಿವಿ ಸಣ್ಣ ಮಾಡುವಷ್ಟು. ಆದರೂ ಅವಳ ಜೊತೆ ಜಾಗ ಬದಲಾಯಿಸಿಕೊಳ್ಳಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ. ಎರಡನ್ನೂ ಇಟ್ಟುಕೊಳ್ಳಬಹುದಿತ್ತು ಮಗಾ. ಬೇಕಾದಲ್ಲಿ ಹಾಡುತ್ತಿದ್ದೆ, ಕೆಲಸಕ್ಕೆ ಅವರು ಮರ್ಯಾದೆ ಕೊಟ್ಟಿದ್ದರೆ. ಕೊಡಲಿಲ್ಲ. ನಿನ್ನ ಚೆಂಡೆಯನ್ನು ನೀನು ಬಿಡಬೇಡ. ಆದರೆ ಲ್ಯಾಬಿನ ಬಾಗಿಲ ಹತ್ತಿರ ಅದನ್ನು ತರಲು ಯಾರನ್ನೂ ಬಿಡಬೇಡ.

ನಾನು ಪುತ್ತೂರಿನಲ್ಲಿ ಇದ್ದಾಗ, ನಿವೃತ್ತಿ ಹತ್ತಿರ ಬಂದಿತ್ತು, ಲ್ಯಾಬಿನ ಬಾಗಿಲಲ್ಲಿ ಸಿಸ್ಟರ್ ಫ್ಲೋರಿನ್ ಕಾಣಿಸಿಕೊಂಡರು. ತುಂಬ ಸಣ್ಣವರಾಗಿದ್ದರು, ಕೈಯಲ್ಲಿ ಕೊಡೆ. ಡಾಕ್ಟರು ರಕ್ತಹೀನತೆಯ ಪರೀಕ್ಷೆ ಬರೆದುಕೊಟ್ಟಿದ್ದರು. ಕುರ್ಚಿಯಲ್ಲಿ ಕೂತು ತೋಳು ಚಾಚಿದರು. ನೂಲಿನಂಥ ನರ. ಒಂದೇ ಸಲಕ್ಕೆ ಸಿಕ್ಕಿತು.

"ನೋವೇ ಆಗ್ಲಿಲ್ಲ," ಎಂದರು, ದೂರು ಹೇಳುವ ಧ್ವನಿಯಲ್ಲಿ.

ಹತ್ತಿ ಇಟ್ಟು ಮೊಣಕೈ ಮಡಚಿ ಹಿಡಿದುಕೊಳ್ಳಲು ಹೇಳಿದೆ. ಅವರು ಹೊರಡಲಿಲ್ಲ. ಮೂಲೆಯ ಸ್ಟೂಲಿನಲ್ಲಿ ಕೂತು, ನಾನು ಕೆಲಸ ಮಾಡುವುದನ್ನು ನೋಡುತ್ತಿದ್ದರು. ಅವರ ಸ್ಲೈಡಿಗೆ ಬಣ್ಣ ಹಾಕಿ ಆದ ಮೇಲೆ ನಾನೇ ಕರೆದೆ. ಅವರು ನನ್ನ ಕುರ್ಚಿಯಲ್ಲಿ ಕೂತು, ಕನ್ನಡಕ ತೆಗೆದು ಮೈಕ್ರೋಸ್ಕೋಪಿನ ಮೇಲೆ ಬಗ್ಗಿದರು.

"ಇದು ನನ್ನದಾ?"

"ನಿಮ್ಮದೇ ಸಿಸ್ಟರ್."

"ಪಿಂಕ್ ಉಂಟು. ನಡುನಡುವೆ ವಯಲೆಟ್. ಸೋ ಪ್ರಿಟಿ." ತಲೆ ಎತ್ತಿ ನನ್ನನ್ನು ನೋಡಿದರು. "ಸ್ಟಿಲ್, ಯೂ ಶುಡ್ ಹ್ಯಾವ್ ಸಂಗ್."

ನನಗೆ ಮೈ ಉರಿದುಹೋಯಿತು. ಈ ವಯಸ್ಸಿನಲ್ಲೂ ಬಿಡಲೊಲ್ಲರಲ್ಲ! ಏನಾದರೂ ಹೇಳುವಷ್ಟರಲ್ಲಿ ನಮ್ಮ ಹೊಸ ಡಾಕ್ಟರು, ಎಳೆಯ ಹುಡುಗ, ರಿಪೋರ್ಟಿಗಾಗಿ ಒಳಗೆ ಬಂದವನು ಆ ಮಾತು ಕೇಳಿಸಿಕೊಂಡ.

"ಸಿಸ್ಟರ್, ನೀವು ಪುಷ್ಪಾ ಮೇಡಂನ ಮ್ಯೂಸಿಕ್ ಟೀಚರಾ? ಇವರು ಹಾಡ್ತಿದ್ರಂತೆ, ನಾವು ಯಾರೂ ಕೇಳೇ ಇಲ್ಲ. ಇವತ್ತು ನೀವು ಹೇಳಿದ್ರೆ ಇವರು ಇಲ್ಲ ಅನ್ಲಿಕ್ಕಿಲ್ಲ. ಎರಡೇ ಲೈನ್ ಮೇಡಂ, ನಾನು ವಿಡಿಯೋ ಮಾಡ್ತೇನೆ." ಮೊಬೈಲು ಆಗಲೇ ಕೈಯಲ್ಲಿತ್ತು.

ನಾನು ಸಿಸ್ಟರ ಕಡೆ ನೋಡಿದೆ. ಅವರ ಮುಖದಲ್ಲಿ ಆ ಹಳೆಯ ಕಳೆ ಮೂಡಿತ್ತು. ಮೊಣಕಾಲ ಮೇಲಿದ್ದ ಬಲಗೈ ಸ್ವಲ್ಪವೇ ಮೇಲೆದ್ದಿತ್ತು. ನಿಜ ಹೇಳುತ್ತೇನೆ, ನಾನು ಉಸಿರು ತೆಗೆದುಕೊಂಡಿದ್ದೆ. ಆ ಕೈ ಇಳಿದರೆ ನನ್ನ ಶಪಥ, ಸಿಟ್ಟು ಯಾವುದೂ ಉಳಿಯುತ್ತಿರಲಿಲ್ಲ, ಹಾಡಿಬಿಡುತ್ತಿದ್ದೆ.

ಆಗ ಅವರ ದೃಷ್ಟಿ ನನ್ನನ್ನು ದಾಟಿ ಬಾಗಿಲಿನಾಚೆಗೆ ಹೋಯಿತು. ಬೆಂಚಿನಲ್ಲಿ ಚೀಟಿ ಹಿಡಿದು ಕೂತವರು, ಮಡಿಲಲ್ಲಿ ಮಗು ಮಲಗಿಸಿಕೊಂಡಿದ್ದ ಒಬ್ಬಾಕೆ. ಸಿಸ್ಟರ ಕೈ ಹಾಗೆಯೇ ಗಾಳಿಯಲ್ಲಿ ನಿಂತಿತು. ಮತ್ತೆ ಅವರು ಅದನ್ನು ಮಡಚಿದ ಮೊಣಕೈಯ ಹತ್ತಿಯ ಮೇಲೆ ಇಟ್ಟುಕೊಂಡರು.

"ಡಾಕ್ಟ್ರೇ, ಹೊರಗೆ ಅಷ್ಟು ಜನ ಕೂತದ್ದು ಕಾಣುದಿಲ್ವಾ ನಿಮಗೆ? ಅವಳಿಗೆ ಕೆಲಸ ಉಂಟು." ಬೋರ್ಡಿಂಗಿನ ಆ ದೊಡ್ಡ ಧ್ವನಿಯೇ. ಹುಡುಗ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ಅವರು ನನ್ನ ಕಡೆ ತಿರುಗಿ, "ಪುಷ್ಪಾ, ನೆಕ್ಸ್ಟ್ ಯಾರು? ಕರಿ," ಎಂದರು.

ನಾನು ಮಗುವಿನ ಹೆಸರು ಕರೆದೆ. ತಾಯಿ ಎದ್ದು ಬರಲು, ಹೊರಟು ನಿಂತಿದ್ದ ಸಿಸ್ಟರ್ ಬಾಗಿಲಲ್ಲಿ ಸರಿದು ದಾರಿ ಬಿಟ್ಟರು. ಮಗುವಿನ ಬೆರಳಿಗೆ ಸ್ಪಿರಿಟ್ ಹಚ್ಚುತ್ತಾ ಕಿಟಕಿಯಿಂದ ನೋಡಿದೆ. ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿ, ನಾನು ಹೇಳಿಕೊಟ್ಟ ಹಾಗೆಯೇ ಮೊಣಕೈ ಮಡಚಿ ಹತ್ತಿಯನ್ನು ಒತ್ತಿ ಹಿಡಿದುಕೊಂಡು, ಜಗಲಿಯುದ್ದಕ್ಕೂ ನಿಧಾನವಾಗಿ ನಡೆದು ಹೋಗುತ್ತಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ.